ಕೆಂಗೇರಿ ರೈಲು ನಿಲ್ದಾಣ: ಬರಗಾಲದ ಹಳಿಯಿಂದ ಪಾರಿಜಾತದ ತನಕ

ಶಾಲೆಗೆ ನೂರು ತುಂಬಿದರೆ ಸಂಸ್ಥಾಪಕರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ದೇವಸ್ಥಾನದ ಜೀರ್ಣೋದ್ಧಾರವಾದರೆ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ರೈಲು ನಿಲ್ದಾಣಕ್ಕೆ ಅಂಥ ಭಾವಚಿತ್ರವೂ ಇಲ್ಲ, ದಾನಿಗಳ ಕಲ್ಲೂ ಇಲ್ಲ. ಪ್ಲಾಟ್‌ಫಾರಂನ ತುದಿಯ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ಊರಿನ ಹೆಸರು, ಅಷ್ಟೇ. ಆದರೂ ಕೆಂಗೇರಿಯ ಮೂರು ನಾಲ್ಕು ತಲೆಮಾರುಗಳ ಬದುಕಿನ ಮೇಲೆ ಈ ಹಲಗೆಯಷ್ಟು ನೆರಳು ಚಾಚಿದ ಗುರುತು ಇನ್ನೊಂದಿಲ್ಲ. ಓದಲು ಹೊರಟವರು, ಕೆಲಸ ಹುಡುಕಿ ಬಂದವರು, ಸೊಪ್ಪು ತರಕಾರಿಯ ಗಂಟು ಹೊತ್ತವರು, ತವರಿಗೆ ಹೋಗುವ ಹೆಣ್ಣುಮಕ್ಕಳು, ಎಲ್ಲರೂ ಅದರ ಕೆಳಗೆ ನಿಂತು ಕಾದವರೇ.

ಬೆಂಗಳೂರು–ಮೈಸೂರು ರೈಲು ಮಾರ್ಗ ಒಂದೂವರೆ ಶತಮಾನದ ಹೊಸ್ತಿಲಿಗೆ ಬಂದಿರುವ ಈ ಕಾಲದಲ್ಲಿ, ಅದರ ನಗರದ ಅಂಚಿನ ನಿಲ್ದಾಣವಾದ ಕೆಂಗೇರಿಯ ಕಥೆಯನ್ನು ಒಂದೆಡೆ ಸೇರಿಸಿಡುವುದು ನಮ್ಮ ಕರ್ತವ್ಯ. ಈ ಹಳಿ ಹುಟ್ಟಿದ್ದು ನಾಡಿನಲ್ಲಿ ಕಾಳು ಇಲ್ಲದಾದಾಗ. ಇಂದು ಇದೇ ಹಳಿಯ ಕಡೆಗೆ ಜನ ಮತ್ತೆ ಆಸೆಗಣ್ಣಿನಿಂದ ನೋಡುತ್ತಿರುವುದು ಬದುಕಿನಲ್ಲಿ ಹೊತ್ತು ಇಲ್ಲದಾಗಿರುವುದರಿಂದ. ಈ ಎರಡು ಕೊರತೆಗಳ ನಡುವಿನ ದಾರಿಯೇ ಈ ನಿಲ್ದಾಣದ ಚರಿತ್ರೆ.

ಹಳಿ ಬರುವ ಮುಂಚೆ

ಕೆಂಗೇರಿ ಬೆಂಗಳೂರಿನ ಬಡಾವಣೆಯಾಗಿ ಹುಟ್ಟಿದ ಊರಲ್ಲ. ಬೆಂಗಳೂರು ಪೇಟೆಯಿಂದ ನೈಋತ್ಯಕ್ಕೆ ಒಂಬತ್ತು ಮೈಲಿ ದೂರದಲ್ಲಿ, ಮೈಸೂರಿಗೆ ಹೋಗುವ ಹೆದ್ದಾರಿಯ ಮೇಲಿದ್ದ ಸ್ವತಂತ್ರ ಪಟ್ಟಣ ಅದು. ತೆಂಗಿನ ಕೇರಿ ಎಂಬುದೇ ಕೆಂಗೇರಿಯಾಯಿತು ಎಂದು ಹೇಳುವುದುಂಟು. ಊರಿನ ಹಳೆಯ ಭಾಗಕ್ಕೆ ಕೋಟೆ ಎಂಬ ಹೆಸರು ಇನ್ನೂ ಉಳಿದಿದೆ. ಬೆಂಗಳೂರಿನಲ್ಲಿ ಹುಟ್ಟಿ ಅರ್ಕಾವತಿಯನ್ನು ಸೇರುವ ವೃಷಭಾವತಿ ಈ ಊರನ್ನು ಹಾದೇ ಮುಂದಕ್ಕೆ ಹರಿಯುತ್ತದೆ. ಹೊಳೆ, ಹೆದ್ದಾರಿ, ಆಮೇಲೆ ಬಂದ ಹಳಿ, ಮೂರೂ ಬೆಂಗಳೂರಿನಿಂದ ಒಂದೇ ದಿಕ್ಕು ಹಿಡಿದು ಹೊರಟು ಕೆಂಗೇರಿಯಲ್ಲಿ ಹತ್ತಿರ ಹತ್ತಿರ ಬರುತ್ತವೆ.

ರೇಷ್ಮೆ ಈ ಭಾಗದ ಹಳೆಯ ಕಸುಬು. ಇಟಲಿಯಿಂದ ಬಂದ ಡಿ ವೆಚಿ ಎಂಬುವರು ಕೆಂಗೇರಿಯಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಹೂಡಿದ್ದು 1866ರಲ್ಲಿ. ಅಂದರೆ ಈ ಊರಿಗೆ ರೈಲು ಬರುವುದಕ್ಕೆ ಹದಿನೈದು ವರ್ಷ ಮುಂಚೆ. ದೂರದ ದೇಶದವನೊಬ್ಬ ಬಂಡವಾಳ ಹೂಡಲು ಈ ಪುಟ್ಟ ಪಟ್ಟಣವನ್ನು ಆರಿಸಿಕೊಂಡಿದ್ದನೆಂದರೆ, ಇಲ್ಲಿನ ಹಿಪ್ಪುನೇರಳೆ ತೋಟಗಳಿಗೆ ಮತ್ತು ಕಸುಬುದಾರರಿಗೆ ಆಗಲೇ ಹೆಸರಿತ್ತು ಎಂದಾಯಿತು. ಕೊರತೆಯಿದ್ದದ್ದು ಸಾಗಣೆಗೆ. ಎತ್ತಿನ ಗಾಡಿಯೊಂದೇ ಗತಿ. ಬೆಂಗಳೂರಿಗೆ ಸಾಮಾನು ಹಾಕಿಕೊಂಡು ಹೋಗಿ ಬರುವುದೆಂದರೆ ಒಂದು ದಿನದ ದುಡಿಮೆ.

1876–1882: ಬರ ಹಾಕಿಸಿದ ಹಳಿ

ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಅದು ಬ್ರಾಡ್‌ಗೇಜ್ ಹಳಿ. ದಂಡಿನಿಂದ ಪಶ್ಚಿಮಕ್ಕೆ, ಮೈಸೂರು ಸೀಮೆಯ ಒಳನಾಡಿಗೆ, ಹಳಿಯೇ ಇರಲಿಲ್ಲ. ಆ ಇಲ್ಲದಿರುವಿಕೆಯ ಬೆಲೆ ಎಷ್ಟೆಂಬುದು ನಾಡಿಗೆ ಅರಿವಾದದ್ದು 1876ರಿಂದ 1878ರ ತನಕ ಬಡಿದ ಮಹಾ ಬರಗಾಲದಲ್ಲಿ. ಮಳೆ ಕೈಕೊಟ್ಟಿತು, ಕೆರೆಗಳು ಒಣಗಿದವು, ದನಗಳು ಮೇವಿಲ್ಲದೆ ಸತ್ತವು. ಹೊರಗಿನಿಂದ ಬೆಂಗಳೂರಿಗೆ ರೈಲಿನಲ್ಲಿ ಬಂದ ಧಾನ್ಯವನ್ನು ಹಳ್ಳಿಗಳಿಗೆ ಮುಟ್ಟಿಸಲು ಗಾಡಿ ಬೇಕು, ಗಾಡಿ ಎಳೆಯಲು ಎತ್ತು ಬೇಕು, ಎತ್ತುಗಳೇ ಉಳಿದಿರಲಿಲ್ಲ. ಒಂದು ಕಡೆ ಕಾಳು, ಇನ್ನೊಂದು ಕಡೆ ಹಸಿವು, ನಡುವೆ ದಾರಿಯಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಈ ಅಂಕಿಗಳ ನಡುವೆ ನಮ್ಮ ಸೀಮೆಯ ಎಷ್ಟು ಮನೆಗಳ ದೀಪ ಆರಿತೆಂದು ಎಣಿಸುವುದು ಕಷ್ಟ.

ಬೆಂಗಳೂರು–ಮೈಸೂರು ರೈಲು ಮಾರ್ಗ ಆ ಸಂಕಟದ ಕೂಸು. ಬರ ಪರಿಹಾರದ ಕಾಮಗಾರಿಗಳಲ್ಲಿ ಈ ಮಾರ್ಗದ ಮಣ್ಣಿನ ಕೆಲಸವೂ ಸೇರಿತ್ತು. ಹಸಿದವರು ಮಣ್ಣು ಹೊತ್ತು ಏರಿ ಕಟ್ಟಿದರು. ಆ ಏರಿಯ ಮೇಲೆ ಹಳಿ ಬಿತ್ತು. ಇಂದಿಗೂ ಕೆಂಗೇರಿಯಿಂದ ಹೆಜ್ಜಾಲ, ಬಿಡದಿಯ ಕಡೆಗೆ ರೈಲಿನಲ್ಲಿ ಹೋಗುವಾಗ ಹಳಿಯ ಕೆಳಗಿನ ಮಣ್ಣಿನ ದಿಬ್ಬವನ್ನು ನೋಡಿದರೆ ಅವರನ್ನು ನೆನೆಯಬೇಕು. ಈ ನಿಲ್ದಾಣದ ಸಂಸ್ಥಾಪಕರು ಯಾರೆಂದು ಕೇಳಿದರೆ ಮೊದಲು ತೋರಿಸಬೇಕಾದದ್ದು ಹೆಸರಿಲ್ಲದ ಆ ಕೈಗಳನ್ನು.

ಹೆಸರಿರುವವರಲ್ಲಿ ಮೊದಲು ಸ್ಮರಿಸಬೇಕಾದವರು ಮೈಸೂರಿನ ಅರಸ ಚಾಮರಾಜೇಂದ್ರ ಒಡೆಯರು ಮತ್ತು ಅವರ ದಿವಾನ ರಂಗಾಚಾರ್ಲು. 1881ರ ಮಾರ್ಚಿಯಲ್ಲಿ ಅಧಿಕಾರ ಬ್ರಿಟಿಷರಿಂದ ಮರಳಿ ಒಡೆಯರ ಕೈಗೆ ಬಂದಾಗ ಬೊಕ್ಕಸದ ಮೇಲೆ ಬರಗಾಲದ ಸಾಲ ಕುಳಿತಿತ್ತು. ಅಂಥ ಹೊತ್ತಿನಲ್ಲೂ ರಂಗಾಚಾರ್ಲು ರೈಲಿನ ಕೆಲಸದಲ್ಲಿ ಹಿಂದೆ ಸರಿಯಲಿಲ್ಲ. ಹಾದಿ ಇದ್ದರೆ ವ್ಯಾಪಾರ, ವ್ಯಾಪಾರವಿದ್ದರೆ ಬರವನ್ನು ತಾಳಿಕೊಳ್ಳುವ ಶಕ್ತಿ ಎಂಬುದು ಅವರ ಲೆಕ್ಕ. ಅದೇ ವರ್ಷದ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಸೇರಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮುಂದೆಯೂ ಅವರು ರೈಲನ್ನು ನಾಡಿನ ಏಳಿಗೆಯ ಮುಖ್ಯ ಸಾಧನವಾಗಿ ಇಟ್ಟರು.

ಬೆಂಗಳೂರಿನ ಕಡೆಯಿಂದ ಮಾರ್ಗ 1881ರಲ್ಲಿ ಹಂತ ಹಂತವಾಗಿ ತೆರೆಯುತ್ತಾ ಸಾಗಿ, 1882ರ ಫೆಬ್ರವರಿಯಲ್ಲಿ ಮೈಸೂರನ್ನು ಮುಟ್ಟಿತು. ಒಟ್ಟು ಉದ್ದ ಸುಮಾರು 86 ಮೈಲಿ, ವೆಚ್ಚ ಸುಮಾರು 55 ಲಕ್ಷ ರೂಪಾಯಿ. ಖರ್ಚು ಹಿಡಿತದಲ್ಲಿರಲೆಂದು ಮೀಟರ್ ಗೇಜ್ ಹಾಕಲಾಯಿತು. ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಬೆಂಗಳೂರಿನಿಂದ ಹೊರಟ ರೈಲು ಸುಮಾರು ಹನ್ನೆರಡು ಕಿಲೋಮೀಟರ್ ಬರುವಷ್ಟರಲ್ಲಿ ಸಿಗುವ ಕೆಂಗೇರಿ, ಮೈಸೂರು ದಾರಿಯ ಆರಂಭದ ನಿಲ್ದಾಣಗಳಲ್ಲೊಂದಾಯಿತು.

1886–1951: ಕಂಪನಿ, ಸಂಸ್ಥಾನ, ಒಕ್ಕೂಟ

ಕಟ್ಟುವುದು ಒಂದು ಕೆಲಸ, ನಡೆಸುವುದು ಮತ್ತೊಂದು. ಸಂಸ್ಥಾನದ ಹಣಕಾಸಿನ ಇಕ್ಕಟ್ಟಿನಲ್ಲಿ, ಮಾರ್ಗವನ್ನು ಹರಿಹರದ ಕಡೆಗೆ ಬೆಳೆಸುವ ಉದ್ದೇಶವೂ ಸೇರಿ, 1886ರಲ್ಲಿ ಇದರ ನಿರ್ವಹಣೆ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. 1908ರಲ್ಲಿ ಆ ಕಂಪನಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ತಾನು ಕಟ್ಟಿದ ಹಳಿಯನ್ನು ಬೇರೆಯವರಿಗೆ ಒಪ್ಪಿಸಬೇಕಾದ ಬಗ್ಗೆ ಸಂಸ್ಥಾನದಲ್ಲಿ ಅಂದು ಬೇರೆ ಬೇರೆ ಅಭಿಪ್ರಾಯಗಳಿದ್ದವು. ಕಂಪನಿಯ ಕೈಯಲ್ಲಿ ಜಾಲ ಬೆಳೆದದ್ದು ನಿಜ. ನಮ್ಮ ಹಳಿ ನಮ್ಮ ಕೈಯಲ್ಲೇ ಇರಲಿ ಎಂಬ ಆಸೆಯೂ ಅಷ್ಟೇ ಸಹಜ. ಮುಂದೆ ಮೈಸೂರು ಸರ್ಕಾರವೇ ಮಾರ್ಗವನ್ನು ವಹಿಸಿಕೊಂಡು ನಡೆಸಿತು. ಸ್ವಾತಂತ್ರ್ಯ ಬಂದ ಮೇಲೆ, 1951ರ ಏಪ್ರಿಲ್ 14ರಂದು ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಸೇರಿತು. ಕೆಂಗೇರಿಯ ನಿಲ್ದಾಣ ಅಂದಿನಿಂದ ದಕ್ಷಿಣ ರೈಲ್ವೆಯದಾಯಿತು.

ಈ ದೀರ್ಘ ಅವಧಿಯಲ್ಲಿ ಇದು ದಾರಿಯ ನಿಲ್ದಾಣವಾಗಿಯೇ ಉಳಿಯಿತು. ಒಂಟಿ ಹಳಿಯ ಮಾರ್ಗ. ಎದುರಿನಿಂದ ಬರುವ ಗಾಡಿಗೆ ದಾರಿ ಬಿಟ್ಟುಕೊಡಲು ಒಂದು ಗಾಡಿ ನಿಲ್ದಾಣದಲ್ಲಿ ಕಾಯಲೇಬೇಕು. ಸ್ಟೇಷನ್ ಮಾಸ್ಟರು ಕೊಡುವ ಟೋಕನ್ ಕೈಗೆ ಸಿಗದೆ ಡ್ರೈವರು ಗಾಡಿ ಬಿಡುವಂತಿಲ್ಲ. ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಆ ಟೋಕನ್. ನಿಲ್ಲದೆ ಹೋಗುವ ಗಾಡಿಯಾದರೆ ಒಂದು ಬಳೆಯನ್ನು ಎಸೆದು ಇನ್ನೊಂದನ್ನು ತೋಳಿಗೆ ಸಿಕ್ಕಿಸಿಕೊಳ್ಳುವ ಆ ಚಾಕಚಕ್ಯತೆಯನ್ನು ನೋಡಲೆಂದೇ ಹುಡುಗರು ಬೇಲಿಯ ಹತ್ತಿರ ನಿಲ್ಲುತ್ತಿದ್ದ ಕಾಲ. ರಟ್ಟಿನ ಪುಟ್ಟ ಟಿಕೆಟ್ಟು, ತಾರೀಖು ಒತ್ತುವ ಯಂತ್ರದ ಟಕ್ ಎಂಬ ಸದ್ದು, ಕೈಕಂಬದ ಸಿಗ್ನಲ್ಲು, ಸೀಮೆಎಣ್ಣೆ ದೀಪ, ಇವು ಈ ಮಾರ್ಗದ ಸಣ್ಣ ನಿಲ್ದಾಣಗಳೆಲ್ಲದರ ಸಂಸಾರ.

ಬೆಂಗಳೂರಿನ ಸಿಟಿ ನಿಲ್ದಾಣದ ಪಶ್ಚಿಮಕ್ಕೆ ಈ ಹೊತ್ತಿಗೆ ಹೊಸ ದುಡಿಮೆಯ ಲೋಕವೊಂದು ಎದ್ದಿತ್ತು. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಬಟ್ಟೆ ಗಿರಣಿ, ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಆಸುಪಾಸಿನ ಕಾರ್ಖಾನೆಗಳು ಸುತ್ತಲಿನ ಹಳ್ಳಿಗಳ ಕೈಗಳಿಗೆ ಕೆಲಸ ಕೊಟ್ಟವು. ಗಿರಣಿಯ ಸೈರನ್ನಿಗೆ ಹೊಂದಿಕೊಂಡು ಬದುಕುವ ಜನರಿಗೆ ರೈಲಿನ ಹೊತ್ತೂ ಕಿವಿಗೆ ಬೀಳಲೇಬೇಕಾಯಿತು. ಕಾಳು ಸಾಗಿಸಲು ಬಂದ ಹಳಿ ಮೆಲ್ಲಮೆಲ್ಲನೆ ಆಳುಗಳನ್ನು ಸಾಗಿಸತೊಡಗಿದ್ದು ಹೀಗೆ.

1951–1990: ನಗರವೇ ಎದುರು ಬಂತು

ಸ್ವಾತಂತ್ರ್ಯದ ಹೊಸದರಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ರೂಪುಗೊಂಡಿತು. ಅದರ ಬೆನ್ನಿಗೆ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ಮೈಸೂರು ರಸ್ತೆಯ ಕಡೆ ರೆಮ್ಕೋ ಕಾರ್ಖಾನೆ ಬಂದು, ಕಾಲಾನಂತರ ಬಿಎಚ್‌ಇಎಲ್‌ನ ಭಾಗವಾಯಿತು. ವಿಜಯನಗರದ ಒಂದು ಬಡಾವಣೆ ರೆಮ್ಕೋ ಹೆಸರನ್ನು ಇನ್ನೂ ಹೊತ್ತಿದೆ. ಬೆಂಗಳೂರು ಪಶ್ಚಿಮಕ್ಕೆ ಕಾಲು ಚಾಚುತ್ತಿತ್ತು. ಕೆಂಗೇರಿ ಇದ್ದಲ್ಲೇ ಇತ್ತು. ನಡುವಿನ ಹೊಲಗಳು ಮಾತ್ರ ಕಡಿಮೆಯಾಗುತ್ತಾ ಬಂದವು.

ವಿದ್ಯಾಸಂಸ್ಥೆಗಳು ಈ ಬದಲಾವಣೆಗೆ ವೇಗ ಕೊಟ್ಟವು. 1963ರಲ್ಲಿ ಆರಂಭವಾದ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಮೈಸೂರು ರಸ್ತೆಯಲ್ಲಿ ನೆಲೆಯೂರಿತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 1970ರ ದಶಕದಲ್ಲಿ ಜ್ಞಾನಭಾರತಿಯ ಸಾವಿರ ಎಕರೆಗೂ ಮಿಕ್ಕಿದ ಆವರಣಕ್ಕೆ ಬಂತು. ಮೈಸೂರು ರೈಲು ಆ ಆವರಣವನ್ನು ಹಾದೇ ಕೆಂಗೇರಿಗೆ ಬರುತ್ತದೆ. ನಗರದಿಂದ ಹೊರಟರೆ ಇಂದು ಕೃಷ್ಣದೇವರಾಯ ಹಾಲ್ಟ್, ನಾಯಂಡಹಳ್ಳಿ, ಜ್ಞಾನಭಾರತಿ ಹಾಲ್ಟ್, ಆಮೇಲೆ ಕೆಂಗೇರಿ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಕಡೆಯ ಮಕ್ಕಳು ಮನೆಯ ಊಟ ಉಂಡು, ಪಾಸು ಹಿಡಿದು, ಬೆಂಗಳೂರಿನಲ್ಲಿ ಓದಿ ಸಂಜೆ ಮರಳಲು ಸಾಧ್ಯವಾದದ್ದು ಈ ರೈಲುಗಳಿಂದ. ಹಾಸ್ಟೆಲಿಗೆ ಹಣ ಹೊಂದಿಸಲಾಗದ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರನ್ನು ತಯಾರು ಮಾಡಿದ ಸಂಸ್ಥೆಗಳ ಪಟ್ಟಿಯಲ್ಲಿ ಪ್ಯಾಸೆಂಜರ್ ಗಾಡಿಯ ಹೆಸರೂ ಇರಬೇಕು.

ಇದೇ ಕಾಲದಲ್ಲಿ ಹಳಿಯ ಒಂದು ಮಗ್ಗುಲಿನಲ್ಲಿ ಕೆಂಗೇರಿ ಉಪನಗರ ತಲೆಯೆತ್ತಿತು. ಒಂದು ಕಡೆ ಕೋಟೆ, ಸಂತೆ, ಹಳೆಯ ಬೀದಿಗಳ ಕೆಂಗೇರಿ; ಇನ್ನೊಂದು ಕಡೆ ನೇರ ಅಡ್ಡರಸ್ತೆಗಳ, ನಿವೇಶನ ಸಂಖ್ಯೆಗಳ ಉಪನಗರ. ಎರಡರ ನಡುವೆ ನಿಲ್ದಾಣ. ಹಳೆಯ ಊರಿನವರಿಗೆ ಅದು ರೈಲು ಹತ್ತುವ ಜಾಗ. ಹೊಸದಾಗಿ ಮನೆ ಕಟ್ಟಿದವರಿಗೆ ಅದು ವಿಳಾಸದ ಗುರುತು. ಎರಡು ಕೆಂಗೇರಿಗಳು ಮೊದಲು ಮುಖ ನೋಡಿಕೊಂಡದ್ದು ಟಿಕೆಟ್ ಕೌಂಟರಿನ ಸಾಲಿನಲ್ಲಿ.

1980ರಲ್ಲಿ ಮೈಸೂರು–ಬೆಂಗಳೂರು ನಡುವೆ ಟಿಪ್ಪು ಎಕ್ಸ್‌ಪ್ರೆಸ್ ಓಡತೊಡಗಿತು. ಮೀಟರ್ ಗೇಜಿನ ಮೇಲೆ ಅಂದಿಗೆ ಅದು ವೇಗದ ಗಾಡಿ. ಮದ್ದೂರಿನಲ್ಲಿ ಗಾಡಿ ನಿಂತೊಡನೆ ಮುತ್ತುಗದ ಎಲೆಯ ಮೇಲಿನ ಬಿಸಿ ವಡೆಗಾಗಿ ಕಿಟಕಿಯಿಂದ ಕೈ ಚಾಚಿದ್ದು, ಕೆಂಗೇರಿ ದಾಟಿದ ಮೇಲೆ ಸಾಮಾನು ಇಳಿಸಿಟ್ಟುಕೊಂಡು ಚಪ್ಪಲಿ ಹುಡುಕಿದ್ದು ಆ ತಲೆಮಾರಿನ ಎಲ್ಲರ ನೆನಪು. ಮೈಸೂರಿನಿಂದ ಬರುವವರಿಗೆ ಕೆಂಗೇರಿ ಎಂದರೆ ಬೆಂಗಳೂರು ಬಂತು ಎಂಬ ಸೂಚನೆ.

1991–2003: ಹಳಿ ಅಗಲವಾಯಿತು

ಮೀಟರ್ ಗೇಜಿಗೆ ಒಂದು ದೊಡ್ಡ ತೊಡಕಿತ್ತು. ಚೆನ್ನೈ ಕಡೆಯಿಂದ ಬರುವ ಬ್ರಾಡ್‌ಗೇಜ್ ಗಾಡಿ ಬೆಂಗಳೂರಿನಲ್ಲಿ ನಿಲ್ಲಲೇಬೇಕು. ಮುಂದಕ್ಕೆ ಹೋಗುವವರು ಇಳಿದು, ಗಂಟು ಮೂಟೆ ಹೊತ್ತು, ಇನ್ನೊಂದು ಗಾಡಿ ಹತ್ತಬೇಕು. ಸರಕನ್ನೂ ಹಾಗೆಯೇ ಇಳಿಸಿ ಏರಿಸಬೇಕು. ಕನ್ನಡ ನಾಡಿನವರೇ ಆದ ಸಿ.ಕೆ. ಜಾಫರ್ ಷರೀಫ್ 1991ರಲ್ಲಿ ರೈಲ್ವೆ ಸಚಿವರಾದ ಮೇಲೆ, ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ವೇಗ ಪಡೆಯಿತು. ಬೆಂಗಳೂರು–ಮೈಸೂರು ಮಾರ್ಗವೂ ಅದರಲ್ಲಿ ಸೇರಿ, 1993ರ ಹೊತ್ತಿಗೆ ಬ್ರಾಡ್‌ಗೇಜ್ ಆಯಿತು. ಒಂದು ಮೀಟರ್ ಇದ್ದ ಅಂತರ 1,676 ಮಿಲಿಮೀಟರಿಗೆ ಹಿಗ್ಗಿತು. ಕೆಲಸದ ದಿನಗಳಲ್ಲಿ ಪ್ರಯಾಣಿಕರು ಪಟ್ಟ ಪಾಡು ಸಣ್ಣದಲ್ಲ. ಆದರೆ ಹಳಿ ಮತ್ತೆ ತೆರೆದಾಗ ಕೆಂಗೇರಿಯ ಪ್ಲಾಟ್‌ಫಾರಂ ದೇಶದ ದೊಡ್ಡ ಜಾಲದ ಮೇಲೆ ಬಂದು ನಿಂತಿತ್ತು.

ಗಾಡಿಗಳು ಉದ್ದವಾದವು, ವೇಗ ಹೆಚ್ಚಿತು. ದಿನವೂ ಹೋಗಿಬರುವವರ ಬಾಯಲ್ಲಿ ಪುಶ್‌ಪುಲ್ ಎಂಬ ಹೊಸ ಗಾಡಿಯ ಹೆಸರು ಸೇರಿತು. ಮೈಸೂರು, ಮಂಡ್ಯದ ಕಡೆಯಿಂದ ಕಚೇರಿ ಹೊತ್ತಿಗೆ ಬರುವ ಚಾಮುಂಡಿ ಎಕ್ಸ್‌ಪ್ರೆಸ್ ಸಾವಿರಾರು ಮನೆಗಳ ಗಡಿಯಾರವಾಯಿತು. 1990ರ ದಶಕದ ಕೊನೆಗೆ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರು ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ, ಬೆಳಗಿನ ಹೊತ್ತು ಬೆಂಗಳೂರಿನ ಕಡೆಯಷ್ಟೇ ಅಲ್ಲದೆ ಬಿಡದಿಯ ಕಡೆಗೂ ದುಡಿಮೆಗೆ ಹೋಗುವವರು ಹೆಚ್ಚಿದರು. ಅಲ್ಲಿಯ ತನಕ ಒಂದೇ ದಿಕ್ಕಿಗೆ ಕುತ್ತಿಗೆ ಚಾಚಿ ರೈಲು ನೋಡುತ್ತಿದ್ದ ನಿಲ್ದಾಣ ಎರಡೂ ದಿಕ್ಕಿಗೆ ನೋಡುವುದನ್ನು ಕಲಿಯಿತು.

ನಿಲುಗಡೆಯ ವಿಚಾರವನ್ನು ಇಲ್ಲಿ ಹೇಳಬೇಕು. ದೂರದಿಂದ ಬರುವವರಿಗೆ ಗಾಡಿ ಬೇಗ ಹೋಗಬೇಕು. ಪ್ರತಿ ನಿಲುಗಡೆಯೂ ಅವರ ಕೆಲವು ನಿಮಿಷಗಳನ್ನು ತಿನ್ನುತ್ತದೆ. ಕೆಂಗೇರಿಯವರಿಗೆ ಗಾಡಿ ಇಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಮನೆಯ ಮುಂದೆಯೇ ಹಾದುಹೋದ ಗಾಡಿಯಲ್ಲಿ ಸಿಟಿಗೆ ಹೋಗಿ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಎರಡೂ ಕಡೆಯ ಮಾತಿನಲ್ಲಿ ನ್ಯಾಯವಿತ್ತು. ಮನವಿಗಳಾದವು, ಮಾತುಕತೆಗಳಾದವು, ಕಾಲಕ್ರಮದಲ್ಲಿ ಈ ಮಾರ್ಗದ ಹಲವು ಎಕ್ಸ್‌ಪ್ರೆಸ್ ಗಾಡಿಗಳು ಕೆಂಗೇರಿಯಲ್ಲಿ ನಿಲ್ಲುವಂತಾಯಿತು.

2003ರ ಏಪ್ರಿಲ್ 1ರಂದು ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಆರಂಭವಾಯಿತು. ಚೆನ್ನೈ ಕೇಂದ್ರದ ದಕ್ಷಿಣ ರೈಲ್ವೆಯಿಂದ ಬೇರೆಯಾಗಿ, ಕನ್ನಡ ನಾಡಿನೊಳಗೇ ಕೇಂದ್ರ ಕಚೇರಿ ಇರುವ ವಲಯಕ್ಕೆ ಕೆಂಗೇರಿ ಸೇರಿದ್ದು ಸಣ್ಣ ಘಟನೆಯಲ್ಲ.

2003–2018: ಜೋಡಿ ಹಳಿ ಮತ್ತು ವಿದ್ಯುತ್ ತಂತಿ

ಒಂಟಿ ಹಳಿಯ ಮಾರ್ಗಕ್ಕೆ ಒಂದು ಮಿತಿ ಇದೆ. ಎಷ್ಟೇ ಒಳ್ಳೆಯ ಗಾಡಿಯಿದ್ದರೂ ಎದುರಿನ ಗಾಡಿ ಬರುವ ತನಕ ಕಾಯಬೇಕು. ಜೋಡಿ ಹಳಿ ಮೊದಲು ರಾಮನಗರದ ತನಕ, ಅನಂತರ ಹಂತ ಹಂತವಾಗಿ ಮೈಸೂರಿನ ತನಕ ಬಂತು. ಇದಕ್ಕೆ ರಾಜ್ಯ ಸರ್ಕಾರವೂ ವೆಚ್ಚದಲ್ಲಿ ಪಾಲು ಕೊಟ್ಟಿತು. ಕೊನೆಯ ಅಡೆತಡೆ ಇದ್ದದ್ದು ಶ್ರೀರಂಗಪಟ್ಟಣದಲ್ಲಿ: ಹೊಸ ಹಳಿಯ ದಾರಿಯಲ್ಲಿ ಟಿಪ್ಪು ಕಾಲದ ಮದ್ದಿನ ಮನೆ. ಅದನ್ನು ಕೆಡವಬಾರದೆಂಬ ಕಾಳಜಿಯೂ, ಕೆಲಸ ನಿಲ್ಲಬಾರದೆಂಬ ಅವಸರವೂ ಎದುರುಬದುರಾಗಿ ವರ್ಷಗಳೇ ಕಳೆದವು. ಕಡೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ, ಚರಿತ್ರೆಯನ್ನೂ ಹಳಿಯನ್ನೂ ಉಳಿಸಿಕೊಳ್ಳಲಾಯಿತು. ಕೆಂಗೇರಿಯಲ್ಲಿ ನಿಂತು ಕಾಯುವವನ ಹೊತ್ತು ಉಳಿಯಲು ನೂರು ಕಿಲೋಮೀಟರ್ ಆಚೆಯ ಒಂದು ಗೋಡೆ ಸರಿಯಬೇಕಿತ್ತು; ರೈಲು ಮಾರ್ಗವೆಂದರೆ ಇಂಥ ಪರಸ್ಪರ ಋಣ.

2018ರ ಫೆಬ್ರವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಮೈಸೂರಿನಲ್ಲಿ ವಿದ್ಯುದೀಕರಣಗೊಂಡ ಬೆಂಗಳೂರು–ಮೈಸೂರು ಜೋಡಿ ಮಾರ್ಗವನ್ನು ನಾಡಿಗೆ ಅರ್ಪಿಸಿದರು. ಹಬೆಯಿಂದ ಡೀಸೆಲ್‌ಗೆ, ಡೀಸೆಲ್‌ನಿಂದ ವಿದ್ಯುತ್ತಿಗೆ ಬಂದ ಪಯಣದ ಒಂದು ಘಟ್ಟ ಮುಗಿಯಿತು. ಬೇಗ ವೇಗ ಹಿಡಿದು ಬೇಗ ನಿಲ್ಲಬಲ್ಲ ಮೆಮು ಎಂಬ ವಿದ್ಯುತ್ ಗಾಡಿಗಳು ಹತ್ತಿರದ ನಿಲ್ದಾಣಗಳ ನಡುವಿನ ಓಡಾಟಕ್ಕೆ ಹೇಳಿಮಾಡಿಸಿದಂಥವು. 2022ರ ಅಕ್ಟೋಬರಿನಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಎಂಬ ಹೆಸರು ಪಡೆಯಿತು. ಆ ಬಗ್ಗೆ ಅಭಿಪ್ರಾಯಗಳು ಹಲವಿದ್ದರೂ, ಮಾರ್ಗದ ಮೊದಲ ಹಳಿ ಹಾಕಿದ ಕಾಲದ ಅರಸು ಮನೆತನವನ್ನು ಜನ ಮತ್ತೆ ನೆನೆಯುವಂತಾಯಿತು.

2007–2023: ಪಟ್ಟಣ ನಗರದೊಳಗೆ, ನಿಲ್ದಾಣದ ಪಕ್ಕಕ್ಕೆ ಮೆಟ್ರೋ

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ 7 ನಗರಸಭೆಗಳು, ನೂರಕ್ಕೂ ಮಿಕ್ಕಿದ ಹಳ್ಳಿಗಳು ಮತ್ತು 1 ಪುರಸಭೆ ನಗರದೊಳಗೆ ಸೇರಿದವು. ಆ ಒಂದೇ ಒಂದು ಪುರಸಭೆ ಕೆಂಗೇರಿ. ಸುತ್ತ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ನಾಡಪ್ರಭು ಕೆಂಪೇಗೌಡ ಬಡಾವಣೆಗಳು ಹಬ್ಬಿದವು. ನೈಸ್ ರಸ್ತೆ ಹಾದುಹೋಯಿತು. ಮನೆಗಳು ಬಂದಷ್ಟು ವೇಗವಾಗಿ ದಾರಿಗಳು ಬರಲಿಲ್ಲ. ಮೈಸೂರು ರಸ್ತೆಯಲ್ಲಿ ಬೆಳಗಿನ ವಾಹನ ಸಾಲು ಉದ್ದವಾಗುತ್ತಾ ಹೋಯಿತು. ಒಂದು ಕಾಲಕ್ಕೆ ಗದ್ದೆಗೆ ನೀರುಣಿಸಿದ ವೃಷಭಾವತಿ ನಗರದ ಕೊಳೆ ಹೊತ್ತು ಹರಿಯತೊಡಗಿತು. ನಿಲ್ದಾಣದ ಸುತ್ತಿನ ಬೆಳವಣಿಗೆಯನ್ನು ಹಾಡಿ ಹೊಗಳುವಾಗ ಈ ನಷ್ಟವನ್ನೂ ದಾಖಲಿಸಬೇಕು. ಹೊಳೆಯನ್ನು ಮರಳಿ ಪಡೆಯುವುದು ಮುಂದಿನವರ ಮೇಲಿರುವ ಸಾಲ.

2021ರ ಆಗಸ್ಟ್ 29ರಂದು ನಮ್ಮ ಮೆಟ್ರೋದ ನೇರಳೆ ಮಾರ್ಗ ಮೈಸೂರು ರಸ್ತೆಯಿಂದ ಕೆಂಗೇರಿಯ ತನಕ 7.53 ಕಿಲೋಮೀಟರ್ ವಿಸ್ತರಣೆಗೊಂಡಿತು. ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ಟರ್ಮಿನಲ್, ಕೆಂಗೇರಿ ಎಂಬ ಆರು ನಿಲ್ದಾಣಗಳು. 2023ರ ಅಕ್ಟೋಬರ್ 9ರಂದು ಮಾರ್ಗ ಚಲ್ಲಘಟ್ಟದ ತನಕ ಬೆಳೆದು, ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟಕ್ಕೆ ಒಂದೇ ಗಾಡಿಯಲ್ಲಿ ಬರಲು ಸಾಧ್ಯವಾಯಿತು. ರೈಲಿನಲ್ಲಿ ಬಂದವರು ಸಿಟಿ ನಿಲ್ದಾಣದ ತನಕ ಹೋಗದೆ ಕೆಂಗೇರಿಯಲ್ಲೇ ಇಳಿದು ಮೆಟ್ರೋ ಹತ್ತುವುದು ಈಗ ದಿನದ ನೋಟ. ರೈಲು, ಮೆಟ್ರೋ, ಬಸ್ಸು, ಮೂರೂ ನಡಿಗೆಯ ಅಳತೆಯಲ್ಲಿ ಸಿಗುವ ಊರುಗಳು ಬೆಂಗಳೂರಿನಲ್ಲಿ ಬೆರಳೆಣಿಕೆಯಷ್ಟು. ಬೆಂಗಳೂರು ಬಂತು ಎಂಬ ಸೂಚನೆಯಾಗಿದ್ದ ಕೆಂಗೇರಿ ಈಗ ಬೆಂಗಳೂರಿನ ಬಾಗಿಲಾಯಿತು.

2023ರ ಮಾರ್ಚಿ 12ರಂದು 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಕಾರು ಇದ್ದವರ ಪಯಣ ಹಗುರವಾಯಿತು. ಕಾರಿಲ್ಲದವರ ಪಾಲಿಗೆ ಪಾಸು ಹಿಡಿದು ಹತ್ತುವ ರೈಲಿನ ಮಹತ್ವ ಕಡಿಮೆಯಾಗಲಿಲ್ಲ.

ಉಪನಗರ ರೈಲಿನ ಕನಸು

ಮುಂಬಯಿಯಲ್ಲಿ ವಿದ್ಯುತ್ ಲೋಕಲ್ ರೈಲು ಓಡಿದ್ದು 1925ರಲ್ಲಿ, ಮದರಾಸಿನಲ್ಲಿ 1931ರಲ್ಲಿ. ಬೆಂಗಳೂರಿಗೆ ಹಾಗೆ ನಗರದೊಳಗಿನ ರೈಲು ಬೇಕೆಂಬ ಸಲಹೆಯನ್ನು ದಕ್ಷಿಣ ರೈಲ್ವೆ 1983ರಲ್ಲೇ ಮುಂದಿಟ್ಟಿತ್ತು. ಹಣ ಯಾರು ಹಾಕಬೇಕು, ಇರುವ ಹಳಿಯ ಮೇಲೆ ದೂರದ ಗಾಡಿಗಳಿಗೆ ಎಷ್ಟು ಜಾಗ, ಹತ್ತಿರದ ಗಾಡಿಗಳಿಗೆ ಎಷ್ಟು ಎಂಬ ಪ್ರಶ್ನೆಗಳಲ್ಲಿ ಕೇಂದ್ರ, ರಾಜ್ಯಗಳ ಹೊಂದಾಣಿಕೆಗೆ ಬಹಳ ಕಾಲ ಹಿಡಿಯಿತು. 2016ರಲ್ಲಿ ನಾಗರಿಕರು ‘ಚುಕು ಬುಕು ಬೇಕು’ ಎಂಬ ಕೂಗಿನೊಂದಿಗೆ ಬೀದಿಗೆ ಬಂದರು. ಮಕ್ಕಳ ಆಟದ ಸದ್ದೇ ದೊಡ್ಡವರ ಬೇಡಿಕೆಯ ಘೋಷಣೆಯಾದದ್ದು ಆ ಚಳವಳಿಯ ಸೊಗಸು.

2020ರಲ್ಲಿ ಕೇಂದ್ರ ಸಂಪುಟ 148.17 ಕಿಲೋಮೀಟರ್ ಉದ್ದದ, 15,767 ಕೋಟಿ ರೂಪಾಯಿ ವೆಚ್ಚದ ಬೆಂಗಳೂರು ಉಪನಗರ ರೈಲು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕೆಲಸದ ಹೊಣೆ ಕೇಂದ್ರ, ರಾಜ್ಯಗಳ ಜಂಟಿ ಸಂಸ್ಥೆಯಾದ ಕೆ–ರೈಡ್‌ನದು. 2022ರ ಜೂನ್ 20ರಂದು ಅದರ ಶಂಕುಸ್ಥಾಪನೆ ನಡೆದದ್ದು ನಮ್ಮ ಮಗ್ಗುಲಿನ ಕೊಮ್ಮಘಟ್ಟದಲ್ಲಿ. ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೆಂಗೇರಿಯಿಂದ ದಂಡಿನ ಮೂಲಕ ವೈಟ್‌ಫೀಲ್ಡ್‌ಗೆ ಹೋಗುವ 35.52 ಕಿಲೋಮೀಟರಿನ ಮಾರ್ಗವೇ ಪಾರಿಜಾತ. ಮೊದಲು ಕೆಲಸ ಕೈಗೆತ್ತಿಕೊಂಡದ್ದು ಮಲ್ಲಿಗೆ ಮತ್ತು ಕನಕ ಮಾರ್ಗಗಳದು. ಪಾರಿಜಾತ ಅರಳುವ ದಿನಕ್ಕೆ ಕೆಂಗೇರಿ ಕಾದಿದೆ. ಅಂದು ಈ ನಿಲ್ದಾಣ ಒಂದು ಮಾರ್ಗದ ತುದಿಯ ನಿಲ್ದಾಣವಾಗುತ್ತದೆ. ಇನ್ನೊಂದೂರಿನಿಂದ ತುಂಬಿ ಬರುವ ಗಾಡಿಯಲ್ಲಿ ಜಾಗ ಹುಡುಕುವ ಬದಲು, ಕೆಂಗೇರಿಯವರು ಕೆಂಗೇರಿಯಿಂದಲೇ ಹೊರಡುವ ಖಾಲಿ ಗಾಡಿ ಹತ್ತುತ್ತಾರೆ.

ಕಟ್ಟಡಕ್ಕಿಂತ ಮೊದಲು ಕೈಗಳು

2024ರ ಫೆಬ್ರವರಿಯಲ್ಲಿ ದೇಶದ ನೂರಾರು ನಿಲ್ದಾಣಗಳ ಜೊತೆಗೆ ಕೆಂಗೇರಿಯೂ ಅಮೃತ ಭಾರತ ನಿಲ್ದಾಣ ಯೋಜನೆಯಡಿ ನವೀಕರಣಕ್ಕೆ ಸೇರಿತು. ಹೊಸ ಕಟ್ಟಡ ಬರಲಿ. ಅದರ ಜೊತೆಗೆ ಮೆಟ್ರೋ ನಿಲ್ದಾಣದಿಂದ ಪ್ಲಾಟ್‌ಫಾರಂಗೆ ಮಳೆ ಬಿಸಿಲು ತಾಗದ ನಡೆದಾರಿ, ಹಳಿಯ ಎರಡೂ ಕಡೆಯಿಂದ ಸುಲಭದ ಪ್ರವೇಶ, ಹೆಣ್ಣುಮಕ್ಕಳು ಧೈರ್ಯವಾಗಿ ಬಳಸಬಹುದಾದ ಶೌಚಾಲಯ, ಮೊಣಕಾಲು ನೋವಿನ ಹಿರಿಯರಿಗೆ ಮೆಟ್ಟಿಲಿಲ್ಲದ ದಾರಿ ಇವೂ ಬರಲಿ. ನಿಲ್ದಾಣದ ಅಂದ ಅದರ ಮುಂಭಾಗದಲ್ಲಷ್ಟೇ ಇರುವುದಿಲ್ಲ. ಅಲ್ಲಿ ಕಾಯುವ ಹತ್ತು ನಿಮಿಷ ಹೇಗೆ ಕಳೆಯಿತು ಎಂಬುದರಲ್ಲಿ ಇರುತ್ತದೆ.

ಇಲ್ಲಿ ಹೆಸರು ಹೇಳಿ ಸನ್ಮಾನಿಸಲಾಗದಷ್ಟು ಜನ ಈ ನಿಲ್ದಾಣವನ್ನು ನಡೆಸಿದ್ದಾರೆ. ರಾತ್ರಿ ಪಾಳಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತ ಸ್ಟೇಷನ್ ಮಾಸ್ಟರುಗಳು, ಸುಡುಬಿಸಿಲಿನಲ್ಲಿ ಹಳಿಯ ಜಲ್ಲಿ ಸರಿಮಾಡಿದ ಗ್ಯಾಂಗ್‌ಮನ್‌ಗಳು, ಪಾಯಿಂಟ್ಸ್‌ಮನ್‌ಗಳು, ಗೇಟು ಕಾದವರು, ಪ್ಲಾಟ್‌ಫಾರಂ ಗುಡಿಸಿದ ಕೈಗಳು. ನಿಲ್ದಾಣದ ಹೊರಗೆ ಹೂ, ಕಾಫಿ, ಕಡಲೆಕಾಯಿ ಮಾರಿ ಮಕ್ಕಳನ್ನು ಓದಿಸಿದವರು. ಬರಗಾಲದಲ್ಲಿ ಮಣ್ಣು ಹೊತ್ತವರಿಂದ ಆರಂಭವಾದ ಸಾಲಿನಲ್ಲಿ ಇವರೆಲ್ಲರೂ ಸೇರುತ್ತಾರೆ.

ಅಂದು ಆ ಕೈಗಳು ಹಳಿ ಹಾಕಿದ್ದು ಮುಂದೆ ಯಾರ ಮನೆಯಲ್ಲೂ ಕಾಳಿಲ್ಲದೆ ಒಲೆ ಆರಬಾರದೆಂದು. ಅದು ನೆರವೇರಿತು. ಇಂದು ಕೆಂಗೇರಿಯ ಮನೆಗಳಲ್ಲಿ ಒಲೆ ಉರಿಯುತ್ತದೆ. ಆದರೆ ಬಡಿಸುವ ಹೊತ್ತಿಗೆ ಎಲ್ಲರೂ ಮನೆ ಸೇರಿರುವುದಿಲ್ಲ. ದುಡಿದು ಬರುವ ತಾಯಿ ಮಗು ನಿದ್ದೆ ಹೋಗುವ ಮುಂಚೆ ಮನೆ ಸೇರಬೇಕು, ತಂದೆ ತಾಯಿಯ ಜೊತೆ ಕುಳಿತು ಉಣ್ಣುವಷ್ಟು ಸಂಜೆ ಮಗನಿಗೆ ಉಳಿಯಬೇಕು. ಈ ನಿಲ್ದಾಣದಿಂದ ನಾಡು ಈಗ ಕೇಳುತ್ತಿರುವುದು ಆ ಹೊತ್ತನ್ನು. ಕಾಳು ತಂದುಕೊಟ್ಟ ಹಳಿ ಹೊತ್ತನ್ನೂ ತಂದುಕೊಡಲಿ.